ಜಕ್ಕಪ್ಪನ ಕೆಂಪು ದಾರ ಮತ್ತು ನಾಲ್ಕನೆಯ ಠರಾವು

1954ನೆಯ ಇಸವಿಯ ಮಾರ್ಚ್ 22, ಸೋಮವಾರ, ಸಂಜೆ ಐದೂವರೆ ಗಂಟೆಗೆ ಬನಹಟ್ಟಿಯ ಹೊಸ ಓಣಿ ಪ್ರಾಥಮಿಕ ಶಾಲೆಯ ಪಾಲಕ ಮಂಡಳಿಯು ಸಭೆ ಸೇರಿ, ತನ್ನ ನಾಲ್ಕನೆಯ ಠರಾವಿನಿಂದ ಒಬ್ಬ ಮನುಷ್ಯನಿಗೆ ಅನ್ಯಾಯ ಮಾಡಿತು. ಠರಾವಿನ ಮಾತುಗಳನ್ನು ಇದ್ದಂತೆಯೇ ಕೊಡುತ್ತೇನೆ: “ಶಾಲೆಯ ಸಿಪಾಯಿ ಜಕ್ಕಪ್ಪನು ಮುಲ್ಕಿ ಪರೀಕ್ಷೆಯ ಸುದ್ದಿಯನ್ನು ಪಾಲಕರಿಗೆ ಮುಟ್ಟಿಸದೆ ಇದ್ದುದರಿಂದ ಏಳು ಮಕ್ಕಳು ಮೊದಲ ಪತ್ರಿಕೆಗೆ ತಪ್ಪಿದರು. ಇದನ್ನು ಆತನೇ ಒಪ್ಪಿಕೊಂಡಿದ್ದಾನೆ. ಈ ನಿಷ್ಕಾಳಜಿಯನ್ನು ಆತನ ಸೇವಾ ಪುಸ್ತಕದಲ್ಲಿ ದಾಖಲಿಸತಕ್ಕದ್ದು.”

ಮೂರು ವಾಕ್ಯಗಳಲ್ಲಿ ನಾಲ್ಕು ತಪ್ಪುಗಳಿವೆ. ಮಕ್ಕಳು ಏಳಲ್ಲ, ಆರು. ಅವರು ಪತ್ರಿಕೆಗೆ ತಪ್ಪಲಿಲ್ಲ, ನಲವತ್ತು ನಿಮಿಷ ತಡವಾಗಿ ಕುಳಿತರು. ಸುದ್ದಿಯು ಹತ್ತೊಂಬತ್ತು ಮನೆಗಳಿಗೂ ಮುಟ್ಟಿತ್ತು. ಇನ್ನು ಒಪ್ಪಿಗೆಯ ಮಾತು. ಅದನ್ನು ಆತ ಎಲ್ಲಿ, ಯಾರ ಮುಂದೆ, ಯಾತಕ್ಕಾಗಿ ಆಡಿದ ಎಂಬುದನ್ನು ಮಂಡಳಿಯ ಒಬ್ಬ ಸದಸ್ಯರೂ ವಿಚಾರಿಸಲಿಲ್ಲ. ಜಕ್ಕಪ್ಪನು ಬರುವ ಮೇ 31ಕ್ಕೆ ನಿವೃತ್ತನಾಗುತ್ತಾನೆ. ಆತನ ಸೇವಾ ಪುಸ್ತಕದಲ್ಲಿ ಮೂವತ್ತೊಂದು ವರ್ಷಗಳಿಂದ ಒಂದು ಕೆಂಪು ಶಾಯಿಯ ಗೆರೆಯೂ ಬಿದ್ದಿಲ್ಲ. ಈಗ ಬೀಳಬೇಕಾಗಿರುವುದು ಕೊನೆಯ ಸಾಲು. ಅದಕ್ಕೆ ಮೊದಲು ನಡೆದುದನ್ನು ನಡೆದ ಹಾಗೆ ಬರೆದಿಡುವುದು, ಅದೇ ಶಾಲೆಯಲ್ಲಿ 1931ರ ಜೂನ್‌ನಿಂದ 1950ರ ಮಾರ್ಚ್‌ವರೆಗೆ ಮುಖ್ಯೋಪಾಧ್ಯಾಯನಾಗಿದ್ದ ನನ್ನ ಕರ್ತವ್ಯವೆಂದು ಬಗೆದಿದ್ದೇನೆ.

ಜಕ್ಕಪ್ಪನು ಹುಟ್ಟಿದ್ದು ಜಮಖಂಡಿ ತಾಲೂಕಿನ ಹುನ್ನೂರಿನಲ್ಲಿ, 1894ರಲ್ಲಿ. ತಾರೀಖು ಆತನಿಗೆ ಗೊತ್ತಿಲ್ಲ. ಸೇವಾ ಪುಸ್ತಕದಲ್ಲಿ ಜೂನ್ 1 ಎಂದಿದೆ. ಬರೆದ ಗುಮಾಸ್ತರು ಶಾಲೆ ಸುರುವಾಗುವ ದಿನವನ್ನೇ ಆತನ ಹುಟ್ಟಿದ ದಿನವಾಗಿ ಮಾಡಿಬಿಟ್ಟಿದ್ದಾರೆ. ಹನ್ನೆರಡನೆಯ ವಯಸ್ಸಿಗೆ ಬನಹಟ್ಟಿಯ ಸೋದರಮಾವನ ಮನೆಗೆ ಬಂದು ಕುಣಿಮಗ್ಗಕ್ಕೆ ಇಳಿದ. ಕುಣಿಮಗ್ಗವೆಂದರೆ ನೆಲದಲ್ಲಿ ತೋಡಿದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗ. ಹದಿನೇಳು ವರ್ಷ ಸೀರೆ ನೇಯ್ದ ಮೇಲೆ ಬಲಗಾಲಿನ ಮಂಡಿ ಬಿಗಿದುಕೊಂಡಿತು, ಕುಣಿಯೊಳಗೆ ಮಡಚಲು ಒಲ್ಲೆನೆಂದಿತು. ಮಗ್ಗ ಬಿಟ್ಟ. 1923ರ ಜೂನ್‌ನಲ್ಲಿ, ಆಗಿನ ಜಮಖಂಡಿ ಸಂಸ್ಥಾನದ ಆಡಳಿತದಲ್ಲಿ, ಹೊಸ ಓಣಿ ಶಾಲೆಗೆ ಸಿಪಾಯಿಯಾಗಿ ಸೇರಿದ. ಗಂಟೆ ಬಾರಿಸುವುದು, ನೀರು ತುಂಬುವುದು, ಪಾಲಕರ ಮನೆಗಳಿಗೆ ಶಾಲೆಯ ಸುದ್ದಿ ಮುಟ್ಟಿಸುವುದು ಆತನ ಕೆಲಸ. ಓದು ಬರುವುದಿಲ್ಲ. ಬರುವುದಿಲ್ಲವೆಂಬುದನ್ನು ಎಂದೂ ಮುಚ್ಚಿಟ್ಟವನೂ ಅಲ್ಲ.

ಸುದ್ದಿ ಮುಟ್ಟಿಸುವುದೆಂದರೆ ಏನೆಂದು ನನಗೆ ತಿಳಿದದ್ದು 1931ರ ಜುಲೈಯಲ್ಲಿ. ಹೊಸದಾಗಿ ಬಂದ ಉತ್ಸಾಹದಲ್ಲಿ ನಾನು ಪಾಲಕರ ಸಭೆ ಕರೆದೆ. ದುಂಡಾದ ಅಕ್ಷರದಲ್ಲಿ ನೂರಾ ಹನ್ನೆರಡು ಚೀಟಿ ಬರೆದು, ಸಹಿ ಮಾಡಿ, ಮಕ್ಕಳ ಕೈಯಲ್ಲಿ ಕಳಿಸಿದೆ. ಸಭೆಗೆ ಬಂದವರು ಮೂವರು. ಅವರಲ್ಲಿ ಒಬ್ಬರು ಮಗನ ಪಾಟಿ ಕಳೆದಿದೆಯೆಂದು ಹುಡುಕಲು ಬಂದವರು.

ಮರುದಿನ ಜಕ್ಕಪ್ಪ ನನ್ನನ್ನು ಓಣಿಗೆ ಕರೆದುಕೊಂಡು ಹೋದ. ಮೊದಲ ಮನೆ ಹೊಳಬಸಪ್ಪನದು. ಆಗ ಆತ ಇಪ್ಪತ್ತೈದರ ತರುಣ. ಆತನ ತಮ್ಮ ನಮ್ಮ ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದ. ಹೊಳಬಸಪ್ಪ ಕುಣಿಯೊಳಗಿಂದಲೇ ನಮಸ್ಕಾರ ಮಾಡಿದ. ಲಾಳಿಯನ್ನು ಮಾತ್ರ ನಿಲ್ಲಿಸಲಿಲ್ಲ.

“ಚೀಟಿ ಮುಟ್ಟಿತೇನಪ್ಪ?” ಎಂದು ಕೇಳಿದೆ.

“ಮುಟ್ಟೇತ್ರಿ ಮಾಸ್ತರ್ರ. ಛಲೋ ಕಾಗದ.”

“ಓದಿದೆಯಾ?”

“ಎರಡು ಕೈ ಲಾಳಿಗೆ, ಎರಡು ಕಾಲು ಕುಣಿಯಾಗ. ಓದಾಕ ಮೂರನೇ ಕೈ ಎಲ್ಲಿಂದ ತರ್ಲಿರಿ?”

“ಮತ್ತೆ ಚೀಟಿ ಎಲ್ಲಿ?”

ಹೊಳಬಸಪ್ಪ ಲಾಳಿಯನ್ನು ಎತ್ತಿ ತೋರಿಸಿದ. ನೂಲು ಸುತ್ತಿದ ಕಂಡಿಕೆ ಅದರೊಳಗೆ ಸಡಿಲಾಗಬಾರದೆಂದು ನನ್ನ ಚೀಟಿಯನ್ನು ಮಡಚಿ ತುರುಕಲಾಗಿತ್ತು. ಮುಖ್ಯೋಪಾಧ್ಯಾಯರ ಸಹಿ ಸೀರೆಯ ಈ ಅಂಚಿನಿಂದ ಆ ಅಂಚಿಗೆ ದಿನಕ್ಕೆ ಸಾವಿರ ಸಲ ಓಡಾಡುತ್ತಿತ್ತು.

“ನಿಮ್ಮ ಕಾಗದದಿಂದ ಲಾಳಿ ಹಗರ ಓಡಾಕತ್ತೇತ್ರಿ,” ಎಂದು ಆತ ಉಪಕಾರ ಸ್ಮರಿಸಿದ.

ಹೊರಗೆ ಬಂದ ಮೇಲೆ ಜಕ್ಕಪ್ಪ ಮೆಲ್ಲಗೆ ಹೇಳಿದ: “ಸಿಟ್ಟಾಗಬ್ಯಾಡ್ರಿ ಮಾಸ್ತರ್ರ. ಇವರಿಗೆ ತಾರೀಖು ಹೇಳಿದ್ರ ನೆನಪ ಇರೂದಿಲ್ಲ. ಮೊಳಾ ಹೇಳಬೇಕು.”

“ಏನು ಮೊಳ?”

ಆತ ಹೆಗಲಿನ ಚೀಲದಿಂದ ಒಂದು ಗೇಣುದ್ದದ ಕೆಂಪು ದಾರವನ್ನು ತೆಗೆದು ತೋರಿಸಿದ. ಆ ದಾರದ ವಿವರ ಹೀಗಿದೆ. ಮಗ್ಗದ ಉದ್ದಕ್ಕೂ ಬಿಗಿದ ನೂಲಿಗೆ ಹಾಸು ಎನ್ನುತ್ತಾರೆ. ನೇಕಾರ ನೇಯುತ್ತ ಹೋದಂತೆ ಹಾಸು ಆತನ ಕಡೆಗೆ ಸರಿಯುತ್ತ ಬರುತ್ತದೆ. ಶಾಲೆಯಲ್ಲಿ ಆರು ದಿನಗಳ ಮೇಲೆ ಏನಾದರೂ ಇದ್ದರೆ, ಜಕ್ಕಪ್ಪ ಆ ಮನೆಯ ನೇಕಾರ ಆರು ದಿನಗಳಲ್ಲಿ ಎಷ್ಟು ಮೊಳ ನೇಯುತ್ತಾನೆಂದು ಮನಸ್ಸಿನಲ್ಲಿ ಎಣಿಸಿ, ಇನ್ನೂ ನೇಯದ ಹಾಸಿನ ಅಂಚಿನಲ್ಲಿ ಅಷ್ಟು ಮೊಳಕ್ಕೆ ದಾರ ಕಟ್ಟುತ್ತಿದ್ದ. ದಾರ ನೇಕಾರನ ಕೈಗೆ ಬಂದಿತೆಂದರೆ ಮರುದಿನವೇ ಆ ದಿನ. ಕೆಂಪು ದಾರವಾದರೆ ಮಗುವನ್ನು ಕರೆದುಕೊಂಡು ಮನೆಯವರು ಹೊರಡಬೇಕು. ಹಳದಿಯಾದರೆ ಮಗುವಿಗೆ ನೀರೆರೆದು, ಒಗೆದ ಅಂಗಿ ಹಾಕಿ ಕಳಿಸಿದರೆ ಸಾಕು. ಹಾಸಿನ ಉಳಿದ ಭಾಗ ಹಿಂದಿನ ಗೂಟಕ್ಕೆ ಸುತ್ತಿ ಕಟ್ಟಿರುತ್ತದೆ. ಆತ ಅದನ್ನು ಬಿಚ್ಚದೆ, ಒಳಗೆ ಕೈ ಇಳಿಸಿ, ಮಡಿಕೆಗಳನ್ನು ಬೆರಳಿನಿಂದಲೇ ಎಣಿಸಿ ಗಂಟು ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಯಾವ ಮನೆಯಲ್ಲಿ ದಿನಕ್ಕೆ ಎಷ್ಟು ಮೊಳವೆಂಬುದು ಆತನ ತಲೆಯಲ್ಲಿತ್ತು. ಹೊಳಬಸಪ್ಪ ಐದು. ಮುದುಕರು ಮೂರೂವರೆ. ಮನೆಯಲ್ಲಿ ಕಂಡಿಕೆ ಸುತ್ತುವವರು ಇಬ್ಬರಿದ್ದರೆ ಅರ್ಧ ಮೊಳ ಹೆಚ್ಚು. ಸೊಸೆ ತವರಿಗೆ ಹೋಗಿದ್ದರೆ ಅರ್ಧ ಕಡಿಮೆ. ಆದರೂ ಜ್ವರ ಬರಬಹುದು, ಬೀಗರು ಬರಬಹುದು. ಆದ್ದರಿಂದ ನಡುವೆ ಒಂದು ದಿನ ಆತ ಎರಡನೆಯ ಸುತ್ತು ಹೋಗಿ, ಕಿಟಕಿಯಲ್ಲಿ ಇಣುಕಿ, ಬೇಕಾದಲ್ಲಿ ದಾರವನ್ನು ಹಿಂದೆ ಮುಂದೆ ಸರಿಸಿ ಬರುತ್ತಿದ್ದ. ಈ ಎರಡನೆಯ ಸುತ್ತೇ ಎಲ್ಲದರ ಜೀವಾಳ. ಅದರಲ್ಲಿ ಮಾತೂ ಬಹಳ ನಡೆಯುತ್ತಿತ್ತು.

“ಯವ್ವಾ, ನಿನ್ನ ದಾರ ಅಲ್ಲೇ ನಿಂತೈತಲ್ಲ. ಲಾಳಿ ನಿದ್ದಿ ಮಾಡಾಕತ್ತೇತೇನು?”

“ಬೀಗರು ಬಂದಾರಪಾ ಜಕ್ಕಣ್ಣ. ಅವರಿಗೆ ಒಂದು ದಾರ ಕಟ್ಟು, ಯಾವಾಗ ಹೋಗ್ತಾರ ತಿಳೀಲಿ.”

ಆತನ ಹೆಂಡತಿ ಮಾಯವ್ವ ಒಮ್ಮೆ ನನ್ನ ಮನೆಯವರ ಮುಂದೆ ದೂರಿದಳಂತೆ: “ಊರ ಮಂದಿಗೆಲ್ಲಾ ಸುದ್ದಿ ಹೇಳ್ತಾರ್ರೀ ಬಾಯಾರ. ನಾಳೆ ಸೂಟಿ ಐತಿ ಅಂತ ನಮಗ ಮಾತ್ರ ನೆರಿಮನಿ ಹುಡುಗೂರು ಹೇಳಬೇಕು.”

ನಾನು ಒಂದು ವಹಿ ಇಟ್ಟಿದ್ದೆ. 1931ರ ಆಗಸ್ಟ್‌ನಿಂದ 1950ರ ಮಾರ್ಚ್‌ವರೆಗೆ ಜಕ್ಕಪ್ಪ ದಾರ ಕಟ್ಟಿ ಮುಟ್ಟಿಸಿದ ಸುದ್ದಿಗಳು ಐವತ್ತೆಂಟು: ಸಿಡುಬು ಬರದಂತೆ ದೇವಿ ಹಾಕುವುದು, ತಪಾಸಣೆ, ಬಹುಮಾನದ ಸಮಾರಂಭ, ಪರೀಕ್ಷೆ. ಐವತ್ತಾರು ಸಲ ಒಂದು ಮನೆಯೂ ತಪ್ಪಲಿಲ್ಲ. ತಪ್ಪಿದ ಎರಡನ್ನೂ ಬರೆದಿದ್ದೇನೆ. 1933ರಲ್ಲಿ ಒಬ್ಬ ನೇಕಾರನ ಮನೆಗೆ ರಬಕವಿಯಿಂದ ಭಾವ ಬಂದು ಸರದಿಯ ಮೇಲೆ ಮಗ್ಗಕ್ಕೆ ಕುಳಿತದ್ದರಿಂದ ದಾರ ಎರಡು ದಿನ ಮೊದಲೇ ಕೈಗೆ ಬಂತು. ಮಗನಿಗೆ ಹೊಸ ಟೊಪ್ಪಿಗೆ ತೊಡಿಸಿಕೊಂಡು ಬಂದ ಆ ತಂದೆ, ತಪಾಸಣೆಯ ಸಾಹೇಬರು ಎಲ್ಲಿ ಎಂದು ನನ್ನನ್ನೇ ದಬಾಯಿಸಿದ. 1944ರಲ್ಲಿ ಒಂದು ಮನೆಯ ಇಲಿ ದಾರವನ್ನು ಕಡಿದುಹಾಕಿತು. ಇವೆರಡಕ್ಕೂ ಜಕ್ಕಪ್ಪ ಹೊಣೆಯಲ್ಲವೆಂದು ಆಗಲೇ ಷರಾ ಬರೆದಿದ್ದೇನೆ.

ಸಂಸ್ಥಾನಗಳು ವಿಲೀನವಾಗಿ ನಾವು ಮುಂಬಯಿ ರಾಜ್ಯಕ್ಕೆ ಸೇರಿದೆವು. ನಾನು ನಿವೃತ್ತನಾದೆ. 1953ರ ಜೂನ್‌ನಲ್ಲಿ ಶಾಲೆಗೆ ಪಾಲಕ ಮಂಡಳಿಯೆಂಬುದು ಹುಟ್ಟಿತು. ಅದರ ಕಾರ್ಯದರ್ಶಿಗಳು ನೂಲಿನ ವ್ಯಾಪಾರಿ ಗಿರಿಮಲ್ಲಪ್ಪನವರು. ಅವರು ಕೆಟ್ಟವರಲ್ಲ. ಶಾಲೆಗೆ ಗಡಿಯಾರ ಕೊಟ್ಟವರು ಅವರೇ, ಹೆಣ್ಣುಮಕ್ಕಳ ಹಾಜರಿ ಹೆಚ್ಚಲೆಂದು ಮನೆಮನೆಗೆ ಹೋಗಿ ಹೇಳಿದವರು ಅವರೇ. ಅವರ ಅಂಗಡಿಯಲ್ಲಿ ನೂಲಿನ ಕಟ್ಟುಗಳು ಒಂದರ ಮೇಲೊಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಕುಳಿತಿರುತ್ತವೆ. ಎಲ್ಲವೂ ಹಾಗೆಯೇ ಇರಬೇಕೆಂಬುದು ಅವರ ಆಸೆ.

ಪೇಚು ಸುರುವಾದದ್ದು ಈ ವರ್ಷದ ಫೆಬ್ರುವರಿಯಲ್ಲಿ. ಶಂಕರೆಪ್ಪನೆಂಬ ನೇಕಾರ ಅವರ ಅಂಗಡಿಗೆ ಹೋಗಿ ಜಕ್ಕಪ್ಪನ ಮೇಲೆ ದೂರು ಕೊಟ್ಟ. ಶಂಕರೆಪ್ಪ ನೇಯುವುದಕ್ಕಿಂತ ಮಾತಾಡುವುದು ಹೆಚ್ಚು. ದಿನಕ್ಕೆ ಮೂರು ಮೊಳ ದಾಟಿದ್ದನ್ನು ಯಾರೂ ಕಂಡಿಲ್ಲ.

“ಸಾವಕಾರ್ರ, ಇದೆಂಥಾ ನ್ಯಾಯ? ಹೊಳಬಸಪ್ಪನ ಹಾಸಿಗೆ ಐವತ್ತು ಮೊಳದ ಮ್ಯಾಲ ದಾರ ಕಟ್ಯಾನ. ನನಗ ಮೂವತ್ತ. ಅವನ ಮಗಾ ಬಂಗಾರದಂವಾ, ನನ್ನ ಮಗಾ ಕಬ್ಬಿಣದಂವಾ?”

ಗಿರಿಮಲ್ಲಪ್ಪನವರು ಬೆಚ್ಚಿದರು. ಶಾಲೆಯ ಸುದ್ದಿ ಒಂದು ಮನೆಗೆ ಐವತ್ತು, ಇನ್ನೊಂದು ಮನೆಗೆ ಮೂವತ್ತು! ಪಕ್ಷಪಾತವೆಂಬ ಮಾತು ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಇದಾದ ಕೆಲವೇ ದಿನಗಳಲ್ಲಿ ಮುಲ್ಕಿ ಪರೀಕ್ಷೆಯ ಸಂಗತಿ ಬಂತು. ಏಳನೆಯ ಇಯತ್ತೆಯ ಈ ಪರೀಕ್ಷೆಯಲ್ಲಿ ಪಾಸಾದವನು ಮಾಸ್ತರನಾಗಬಹುದು, ಊರಿನ ಜಮೀನಿನ ಲೆಕ್ಕ ಬರೆಯುವ ತಲಾಠಿಯಾಗಬಹುದು. ನಪಾಸಾದರೆ ನೇರವಾಗಿ ಕುಣಿಗೆ ಇಳಿಯಬೇಕು. ಈ ಸಲ ಹತ್ತೊಂಬತ್ತು ಮಕ್ಕಳಿದ್ದರು, ಅವರಲ್ಲಿ ಇಬ್ಬರು ಹುಡುಗಿಯರು. ಜಮಖಂಡಿಯ ಕೇಂದ್ರದಲ್ಲಿ ಮಾರ್ಚ್ 22, ಸೋಮವಾರ ಪರೀಕ್ಷೆಯೆಂದು ಮಕ್ಕಳಿಗೆ ಹೇಳಿ, ಫೆಬ್ರುವರಿ 27ರಿಂದ ಅಭ್ಯಾಸಕ್ಕೆಂದು ಸೂಟಿ ಬಿಟ್ಟಿದ್ದರು. ವರ್ಗದ ಮಾಸ್ತರರನ್ನು ಬೀಳಗಿಗೆ ಕೆಲಸದ ಮೇಲೆ ಕಳಿಸಿದ್ದರು. ಮಾರ್ಚ್ 4ರಂದು ಮೇಲಿನಿಂದ ಕಾಗದ ಬಂತು: ಪರೀಕ್ಷೆ ಒಂದು ವಾರ ಮೊದಲು, ಮಾರ್ಚ್ 15, ಸೋಮವಾರ. ಮಕ್ಕಳೆಲ್ಲ ಮನೆಯಲ್ಲಿ. ಈ ಬದಲಾವಣೆಯನ್ನು ತಿಳಿಸಬೇಕಾದವನು ಜಕ್ಕಪ್ಪನೊಬ್ಬನೇ.

ಮಾರ್ಚ್ 5, ಶುಕ್ರವಾರ, ಬೆಳಿಗ್ಗೆ ಏಳು ಗಂಟೆಗೆ ಜಕ್ಕಪ್ಪ ನನ್ನ ಮನೆಗೆ ಬಂದ. ಕೈಯಲ್ಲಿ ಕಾರ್ಯದರ್ಶಿಗಳ ಲೇಖಿ ಆಜ್ಞೆ.

“ಮಾಸ್ತರ್ರ, ಏನ್ ಬರದಾರ ಓದಿ ಹೇಳ್ರಿ. ಸಾವಕಾರ್ರು ಹೇಳಿದ್ರು, ಆದ್ರ ನನ್ನ ಕಿವಿ ಮ್ಯಾಲ ನನಗ ನಂಬಿಕಿ ಬರವಲ್ತು.”

ಓದಿದೆ. ಎಲ್ಲ ಹತ್ತೊಂಬತ್ತು ಮಗ್ಗಗಳಿಗೂ ಸಮಾನವಾಗಿ ನಲವತ್ತು ಮೊಳಕ್ಕೆ ದಾರ ಕಟ್ಟತಕ್ಕದ್ದು. ‘ಸೋಮವಾರ ಮುಲ್ಕಿ ಪರೀಕ್ಷೆ’ ಎಂದಷ್ಟೇ ಹೇಳತಕ್ಕದ್ದು. ಹೆಚ್ಚಿನ ಹರಟೆ ಕೂಡದು. ಎರಡನೆಯ ಸುತ್ತು ಹೋಗಿ ವೇಳೆ ಕಳೆಯಕೂಡದು. ಕೆಳಗೆ ಸಹಿ, ತಾರೀಖು, ಹೊರಗೆ ಹೋಗುವ ಕಾಗದಗಳಿಗೆ ಹಾಕುವ ಜಾವಕ ನಂಬರು ಹನ್ನೊಂದು.

ನಲವತ್ತು ಎಲ್ಲಿಂದ ಬಂತೆಂದು ನಾನೂ ಲೆಕ್ಕ ಹಾಕಿ ನೋಡಿದೆ. ಮಾರ್ಚ್ 5ರಿಂದ 14ರವರೆಗೆ ಹತ್ತು ದಿನ. ಓಣಿಯ ಸರಾಸರಿ ದಿನಕ್ಕೆ ನಾಲ್ಕು ಮೊಳ. ಸರಾಸರಿ ಸರಿಯಾಗಿಯೇ ಇತ್ತು.

“ಹೊಳಬಸಪ್ಪನ ಮಗ್ಗಾನೂ ಗುರುಬಸವ್ವನ ಮಗ್ಗಾನೂ ಒಂದ ಏನ್ರಿ?” ಎಂದು ಜಕ್ಕಪ್ಪ ಕೇಳಿದ. ಗುರುಬಸವ್ವ ವಿಧವೆ. ಕಂಡಿಕೆಯನ್ನೂ ತಾನೇ ಸುತ್ತಿ, ಮಗ್ಗಕ್ಕೂ ತಾನೇ ಕೂಡುವವಳು. ದಿನಕ್ಕೆ ಮೂರು ಮೊಳ ನೇಯ್ದರೆ ಹೆಚ್ಚು. ಆಕೆಯ ಮಗಳು ಮಾದೇವಿ ಈ ಸಲದ ಇಬ್ಬರು ಹುಡುಗಿಯರಲ್ಲಿ ಒಬ್ಬಳು.

“ಅಲ್ಲ,” ಎಂದೆ.

“ಹಂಗಾದ್ರ ನಾ ಹೆಂಗ ಕಟ್ಲಿರಿ?”

ಇಲ್ಲಿ ನಾನು ಮಾಡಿದ ತಪ್ಪನ್ನೂ ದಾಖಲಿಸುತ್ತೇನೆ. “ಲೇಖಿ ಆಜ್ಞೆ ಇದೆ, ಜಕ್ಕಪ್ಪ. ನಿವೃತ್ತಿಗೆ ಮೂರು ತಿಂಗಳಿದೆ. ಹೇಳಿದಂತೆ ಮಾಡು,” ಎಂದವನು ನಾನು. ಅಂಗಡಿಗೆ ಹೋಗಿ ಗಿರಿಮಲ್ಲಪ್ಪನವರೊಡನೆ ನಾಲ್ಕು ಮಾತು ಆಡಬಹುದಿತ್ತು. ಅಂದು ಮಧ್ಯಾಹ್ನ ಮುಧೋಳಕ್ಕೆ ಮಗಳ ಮನೆಗೆ ಹೊರಟಿದ್ದೆ, ಮೋಟಾರಿಗೆ ಹೊತ್ತಾಗುತ್ತಿತ್ತು. ಹೋಗಲಿಲ್ಲ. ಮಾರ್ಚ್ 14ರ ಸಂಜೆಯವರೆಗೆ ಮುಧೋಳದಲ್ಲೇ ಉಳಿದೆ.

ಜಕ್ಕಪ್ಪ ಹೇಳಿದಂತೆ ಮಾಡಿದ. ಹತ್ತೊಂಬತ್ತು ಮನೆ, ಹತ್ತೊಂಬತ್ತು ದಾರ, ನಲವತ್ತು ನಲವತ್ತು ಮೊಳ, ಒಂದೇ ಮಾತು. ಓಣಿ ಬೆರಗಾಯಿತಂತೆ. ಹೊಳಬಸಪ್ಪ ಕುಣಿಯಿಂದ ಕೂಗಿದ:

“ಲೇ ಜಕ್ಕ್ಯಾ, ಇಂದೇನು ಮೌನ ಹಿಡಿದಿಯೇನ? ಹಲ್ಲು ನೋಯಾಕತ್ತಾವೇನು?”

“ಸೋಮವಾರ ಮುಲ್ಕಿ ಪರೀಕ್ಷೆ.”

“ಅದು ತಿಳೀತು. ಮತ್ತ?”

“ಸೋಮವಾರ ಮುಲ್ಕಿ ಪರೀಕ್ಷೆ,” ಎಂದು ಜಕ್ಕಪ್ಪ ನಡೆದೇಬಿಟ್ಟ.

ಶಂಕರೆಪ್ಪ ಮಾತ್ರ ತನ್ನ ಹಾಸನ್ನು ಅಳೆದು, ನಲವತ್ತು ಇರುವುದನ್ನು ಖಚಿತಪಡಿಸಿಕೊಂಡು, ಮೀಸೆ ತಿರುವಿದನಂತೆ.

ಮುಂದೆ ಆದದ್ದು ಬರೀ ಗಣಿತ. ದಿನಕ್ಕೆ ನಾಲ್ಕು ಮೊಳದ ಒಂಬತ್ತು ಮನೆಗಳಿಗೆ ದಾರ ಭಾನುವಾರ ಸರಿಯಾಗಿ ಕೈಗೆ ಬಂತು. ಐದು ಮೊಳದ ನಾಲ್ಕು ಮನೆಗಳಿಗೆ ಎರಡು ದಿನ ಮೊದಲು, ಶುಕ್ರವಾರ ಸಂಜೆಗೇ ಬಂತು. ಅವರಲ್ಲಿ ಮೂವರು ಸೋಮವಾರವೆಂಬ ಮಾತನ್ನು ನಂಬಿ ಕಾದರು. ಹೊಳಬಸಪ್ಪ ನಂಬಲಿಲ್ಲ. “ಜಕ್ಕ್ಯಾನ ಬಾಯಿ ತಪ್ಪಬಹುದು, ದಾರ ತಪ್ಪೂದಿಲ್ಲ,” ಎಂದು ಶನಿವಾರ ಬೆಳಿಗ್ಗೆ ಮಗನನ್ನು ಕರೆದುಕೊಂಡು ಜಮಖಂಡಿಗೆ ಹೋದ. ಪರೀಕ್ಷೆಯ ಕಟ್ಟಡಕ್ಕೆ ಬೀಗ. ಇನ್ನೆರಡು ದಿನಕ್ಕೆ ತಿರುಗಿ ಹೋಗಿ ಬರುವುದೇಕೆಂದು ಅಲ್ಲಿಯೇ ಅಕ್ಕನ ಮನೆಯಲ್ಲಿ ಉಳಿದುಬಿಟ್ಟ. ಆದ್ದರಿಂದ ದಾರ ಹಳಿ ತಪ್ಪಿದೆಯೆಂಬ ಸುದ್ದಿ ಬನಹಟ್ಟಿಗೆ ಬರಲೇ ಇಲ್ಲ.

ಮೂರು ಮೊಳದ ಆರು ಮನೆಗಳಲ್ಲಿ ಆದದ್ದೇ ಬೇರೆ. ಗುರುಬಸವ್ವ ದಾರವನ್ನು ನೋಡಿದಳು, ಬೆರಳು ಮಡಚಿ ಎಣಿಸಿದಳು. ದಾರ ಕೈಗೆ ಬರುವುದು 18ರ ಸುಮಾರಿಗೆ. ಪರೀಕ್ಷೆ ಸೋಮವಾರ ಎಂದರೆ ಮೊದಲು ಹೇಳಿದ್ದ 22ರ ಸೋಮವಾರವೇ ಇರಬೇಕು. ಜಕ್ಕಣ್ಣ ಮೂರು ನಾಲ್ಕು ದಿನ ಮುಂಚಿತವಾಗಿ ಎಚ್ಚರಿಸಿದ್ದಾನೆ. ಇದರಲ್ಲಿ ಆಕೆಯ ತಪ್ಪು ಏನಿದೆ ಎಂದು ನಾನು ಬಹಳ ಯೋಚಿಸಿದೆ. ನನಗೆ ಸಿಗಲಿಲ್ಲ.

ಮಾರ್ಚ್ 15, ಸೋಮವಾರ, ಬೆಳಿಗ್ಗೆ ಎಂಟು. ಮುಲ್ಕಿಯ ಮಕ್ಕಳನ್ನು ಮೋಟಾರಿಗೆ ಹತ್ತಿಸಿ ಕಳಿಸುವುದು ಜಕ್ಕಪ್ಪನ ಪದ್ಧತಿ. ಅದಕ್ಕೆ ಯಾರ ಆಜ್ಞೆಯೂ ಇಲ್ಲ. ಎಣಿಸಿದ. ಹನ್ನೆರಡು. ಮತ್ತೆ ಎಣಿಸಿದ. ಹನ್ನೆರಡೇ. ಮೋಟಾರು ಎಂಟೂವರೆಗೆ ಹೊರಟುಹೋಯಿತು. ಆತ ಬಿಗಿದ ಮಂಡಿಯನ್ನು ಎಳೆದುಕೊಂಡು ಮೊದಲು ಹೊಳಬಸಪ್ಪನ ಮನೆಗೆ ಓಡಿದ. ಹೆಂಡತಿ ಅನ್ನವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು.

“ಅವರು ಶನಿವಾರನ ಹೋಗ್ಯಾರಲ್ಲೋ ಮಾರಾಯಾ! ನಿನ್ನ ದಾರ ಶುಕ್ರವಾರನ ಬಂದಿತ್ತು.”

ಜಕ್ಕಪ್ಪನಿಗೆ ಎಲ್ಲವೂ ತಿಳಿಯಿತು. ಬೇಗ ನೇಯುವವನಿಗೆ ಮೊದಲೇ ಬಂದಿದ್ದರೆ, ನಿಧಾನಕ್ಕೆ ನೇಯುವವರಿಗೆ ಇನ್ನೂ ಬಂದೇ ಇಲ್ಲ. ಆರು ಮನೆಗಳ ಹೆಸರನ್ನು ಆತ ಯಾರನ್ನೂ ಕೇಳಬೇಕಾಗಿರಲಿಲ್ಲ.

ಗುರುಬಸವ್ವ ಆಗತಾನೆ ಮಗ್ಗಕ್ಕೆ ಇಳಿಯುತ್ತಿದ್ದಳು.

“ತಂಗಿ, ಮಾದೇವಿನ್ನ ಕಳಸು! ಇವತ್ತ ಪರೀಕ್ಷೆ!”

“ಏನಂತೀಯೋ ಜಕ್ಕಣ್ಣ? ದಾರ ಇನ್ನೂ ಹತ್ತು ಮೊಳ ಐತಲ್ಲ!”

“ದಾರಕ್ಕ ಬೆಂಕಿ ಹಚ್ಚು! ಹುಡುಗಿ ಎಲ್ಲಿ?”

ಮಾದೇವಿ ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈಯಲ್ಲಿ ಬರೆಯುವ ಟಾಕು, ಶಾಯಿಯ ದೌತಿ ಹಿಡಿದು ಓಡಿ ಬಂದಳು. ಶಂಕರೆಪ್ಪನ ಮನೆಯಲ್ಲಿ ಶಂಕರೆಪ್ಪ ಹಾಸಿನ ಮುಂದೆ ನಿಂತು, ನಲವತ್ತು ಎಂದರೆ ನಲವತ್ತು, ದಾರ ಬರದೆ ಮಗನನ್ನು ಕಳಿಸುವುದಿಲ್ಲವೆಂದು ವಾದಕ್ಕೆ ನಿಂತ. ಜಕ್ಕಪ್ಪ ಆತನನ್ನು ಬಿಟ್ಟು ಮಗನ ಕೈ ಹಿಡಿದು ಎಳೆದುಕೊಂಡು ಬಂದ.

ಒಂಬತ್ತೂ ಮುಕ್ಕಾಲಕ್ಕೆ ಆರು ಮಕ್ಕಳು ಕೂಡಿದರು. ಜಮಖಂಡಿ ಒಂಬತ್ತು ಮೈಲಿ. ಮುಂದಿನ ಮೋಟಾರು ಹನ್ನೆರಡಕ್ಕೆ. ಗಿರಿಮಲ್ಲಪ್ಪನವರ ಅಂಗಡಿಯ ಮುಂದೆ ಅವರ ಲಾರಿ ಜಮಖಂಡಿಗೆಂದೇ ನೂಲು ತುಂಬುತ್ತಿತ್ತು. ಡ್ರೈವರ್ ಹುಲೆಪ್ಪ ಬೀಡಿ ಹಚ್ಚುತ್ತಿದ್ದ.

“ಹುಲೆಪ್ಪ, ಈ ಹುಡುಗೂರ್ನ ಮ್ಯಾಲ ಕೂಡ್ರಿಸಿಕೋ. ಹೊಂಡು.”

“ಸಾವಕಾರ್ರು ಪೂಜಿಗೆ ಕುಂತಾರ. ಕೇಳಬ್ಯಾಡೇನು?”

“ಸಾವಕಾರ್ರು ಸಾಲಿ ಮಂಡಳಿ ಕಾರ್ಯದರ್ಶಿ. ಅವರ ಲಾರಿ ಸಾಲಿ ಲಾರಿ. ಹೊಂಡು ಅಂದ್ರ ಹೊಂಡು!”

ಅರ್ಧ ತುಂಬಿದ ಲಾರಿ ಹತ್ತು ಗಂಟೆಗೆ ಹೊರಟಿತು. ಆರು ಮಕ್ಕಳು ನೂಲಿನ ಕಟ್ಟುಗಳ ಮೇಲೆ, ಜಕ್ಕಪ್ಪ ಹಿಂದಿನ ಹಲಗೆ ಹಿಡಿದು ನಿಂತು. ಮಾದೇವಿ ಭೂಗೋಳದ ಪ್ರಶ್ನೆಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳಂತೆ. ಹುಲೆಪ್ಪ ಮುಂದಿನಿಂದ ಕೂಗಿ ತಪ್ಪು ಉತ್ತರ ಕೊಡುತ್ತಿದ್ದನಂತೆ. ದಾರಿಯಲ್ಲಿ ಇಂಜಿನ್ ಕಾದು ಎರಡು ಸಲ ನಿಂತಿತು. ಕೇಂದ್ರದ ಬಾಗಿಲಿಗೆ ಬಂದಾಗ ಹನ್ನೊಂದು ಗಂಟೆ ನಲವತ್ತು ನಿಮಿಷ. ಪತ್ರಿಕೆ ಸುರುವಾಗಿದ್ದು ಹನ್ನೊಂದಕ್ಕೆ.

ಬಾಗಿಲಲ್ಲಿ ಮೇಲ್ವಿಚಾರಕರು ತಡೆದರು. ಅರ್ಧ ಗಂಟೆ ಮೀರಿದರೆ ಪ್ರವೇಶವಿಲ್ಲ. ಮಕ್ಕಳ ಮನೆಯವರ ತಪ್ಪಿದ್ದರೆ ತಾವು ಏನೂ ಮಾಡಲಾರೆವು. ಶಾಲೆಯ ನೌಕರರ ತಪ್ಪಿನಿಂದ ತಡವಾಗಿದ್ದರೆ, ಆ ನೌಕರ ಹೇಳಿಕೆ 	ಕೊಟ್ಟರೆ, ತಮ್ಮ ಅಧಿಕಾರದಲ್ಲಿ ಒಳಗೆ ಬಿಡಬಹುದೆಂದರು. ಆ ಮಾತಿಗೆ ಸಾಕ್ಷಿಯಾಗಿ ಹುಲೆಪ್ಪ ಪಕ್ಕದಲ್ಲೇ ಇದ್ದ. ಮೊದಲೇ ಬಂದು ಮಗನನ್ನು ಒಳಗೆ ಕೂಡ್ರಿಸಿ ಹೊರಗೆ ಕುಳಿತಿದ್ದ ಹೊಳಬಸಪ್ಪನೂ ಇದ್ದ.

ಜಕ್ಕಪ್ಪ ಒಂದು ಕ್ಷಣವೂ ತಡಮಾಡಲಿಲ್ಲ.

“ತಪ್ಪು ನಂದ್ರಿ ಸಾಹೇಬ್ರ. ನಾ ಸಾಲಿ ಸಿಪಾಯಿ. ನಾ ಇವರಿಗೆ ಸುದ್ದಿನ ಮುಟ್ಟಿಸಲಿಲ್ಲ.”

“ಬರೆದುಕೊಳ್ಳಲೇ?”

“ಬರಕೋರಿ. ಲಗೂನ ಬರಕೋರಿ.”

ಬರೆದುಕೊಂಡರು. ಜಕ್ಕಪ್ಪ ಹೆಬ್ಬೆಟ್ಟು ಒತ್ತಿದ. ಆರು ಮಕ್ಕಳು ಒಳಗೆ ಹೋದರು. ಮಂಡಳಿಯು ಹೇಳುವ ಒಪ್ಪಿಗೆ ಇದೇ, ಬೇರೊಂದಿಲ್ಲ. ಮೋಟಾರಿನಲ್ಲಿ ಏಳು ಮಕ್ಕಳಿರಲಿಲ್ಲವೆಂದು ಯಾರೋ ಎಣಿಸಿದರು, ಏಳು ಎಂದು ಬರೆದರು. ಏಳನೆಯವನು ಆಗ ಪರೀಕ್ಷೆಯ ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಕುಳಿತ ಹೊಳಬಸಪ್ಪನ ಮಗ.

ಓಣಿಯಲ್ಲಿ ಈ ಸುದ್ದಿ ಕೇಳಿ, ಅಂದು ಸಂಜೆ ನಾಲ್ಕು ಗಂಟೆಗೆ ನಾನು ಅಳತೆಯ ಪಟ್ಟಿ ಹಿಡಿದು ಆರೂ ಮನೆಗಳಿಗೆ ಹೋದೆ. ಗುರುಬಸವ್ವ ಆ ದಿನ ಮಗ್ಗ ಮುಟ್ಟಿರಲಿಲ್ಲ. ಆಕೆಯ ದಾರ ಹದಿನೈದು ಅಡಿ, ಎಂದರೆ ಹತ್ತು ಮೊಳ ದೂರದಲ್ಲಿ ಹಾಗೆಯೇ ಇತ್ತು. ಉಳಿದ ಐದು ಮನೆಗಳ ಅಳತೆಯನ್ನೂ ಬರೆದು, ಮನೆಯವರ ಸಹಿ ಅಥವಾ ಹೆಬ್ಬೆಟ್ಟು ಪಡೆದಿದ್ದೇನೆ. ಶಂಕರೆಪ್ಪ ಮಾತ್ರ ತನ್ನ ಹಾಸನ್ನು ತಾನೇ ಮತ್ತೊಮ್ಮೆ ಅಳೆದು ನೋಡಿದ ಮೇಲೆ ಸಹಿ ಹಾಕಿದ.

ಮಾರ್ಚ್ 27ರಂದು ಠರಾವನ್ನು ಓದಿದೆ. ಅಂದೇ ಗಿರಿಮಲ್ಲಪ್ಪನವರ ಅಂಗಡಿಗೆ ಹೋದೆ. ಮೂರು ವಾರ ತಡವಾಗಿ ಹೋದೆನೆಂಬುದು ನನಗೆ ಗೊತ್ತಿತ್ತು.

“ಮಾಸ್ತರ್ರ, ನಾ ಏನ್ ಮಾಡ್ಲಿರಿ? ಅವನ ಬಾಯಿಲೆ ಒಪ್ಪ್ಯಾನ. ಹೆಬ್ಬಟ್ಟು ಐತಿ,” ಎಂದರು.

“ನಿಮ್ಮ ಹನ್ನೊಂದನೆಯ ನಂಬರಿನ ಆಜ್ಞೆಯೂ ಇದೆ. ಅದನ್ನು ಸಭೆಯಲ್ಲಿ ಓದಿದಿರಾ?”

ಅವರು ನೂಲಿನ ಕಟ್ಟೊಂದನ್ನು ಸರಿಪಡಿಸಿದರು. ಅದು ಸರಿಯಾಗಿಯೇ ಇತ್ತು. “ಅದರ ಮಾತು ಬರಲಿಲ್ಲರಿ,” ಎಂದರು. ಲಾರಿಯ ವಿಷಯದಲ್ಲಿ ಅವರಿಗೆ ಸಿಟ್ಟು ಬಂದಿತ್ತೆಂದು ಓಣಿಯಲ್ಲಿ ಹೇಳುತ್ತಾರೆ. ಅದಕ್ಕೆ ನನ್ನ ಬಳಿ ಆಧಾರವಿಲ್ಲ. ಆದ್ದರಿಂದ ಅದನ್ನು ನಾನು ಹೇಳುವುದಿಲ್ಲ.

ಜಕ್ಕಪ್ಪನನ್ನು ಕೇಳಿದೆ: “ಸಭೆಯಲ್ಲಿ ನೀನು ಯಾಕೆ ಬಾಯಿ ಬಿಡಲಿಲ್ಲ?”

“ನಾ ಚಹಾ ಕೊಡಾಕತ್ತಿದ್ನೆರಿ. ಯಾರೂ ಕೇಳಲಿಲ್ಲ.”

“ಈಗ ನಾನು ಕೇಳುತ್ತಿದ್ದೇನೆ. ನಿನಗೆ ಏನು ಬೇಕು?”

ಆತ ಹೇಳಿದ್ದನ್ನು ಅಕ್ಷರಶಃ ಬರೆಯುತ್ತೇನೆ: “ಹುಡುಗೂರು ತಡಾ ಆದ್ರು ಅಂತ ಬರೀರಿ, ಬರೋಬ್ಬರಿ ಐತಿ. ನಾ ಸಾವಕಾರ್ರ ಮಾತು ಕೇಳಿ ಕೆಟ್ಟೆ ಅಂತ ಬರೀರಿ, ಅದೂ ಖರೆ. ಸುದ್ದಿ ಮುಟ್ಟಿಸಲಿಲ್ಲ ಅಂತ ಮಾತ್ರ ಬರೀಬ್ಯಾಡ್ರಿ. ಅದೊಂದ ಕೆಲಸ ರೀ ನಾ ಮಾಡಿದ್ದು. ಸಾಹೇಬ್ರ ಮುಂದ ಸುಳ್ಳು ಹೇಳೇನಿ. ಆ ಸುಳ್ಳನ್ನ ನನ್ನ ಪುಸ್ತಕದಾಗ ಖರೆ ಮಾಡಬ್ಯಾಡ್ರಿ.”

ಆದ್ದರಿಂದ ಹೊಸ ಓಣಿ ಶಾಲೆಯ ಪಾಲಕ ಮಂಡಳಿಯ ಕಾರ್ಯದರ್ಶಿಗಳಿಗೂ ಎಲ್ಲ ಸದಸ್ಯರಿಗೂ ನನ್ನ ಬೇಡಿಕೆ ಇದು. ತಮ್ಮ ಮುಂದಿನ ಸಭೆ ಏಪ್ರಿಲ್ 24, ಶನಿವಾರವಿದೆ. ಅಂದು ಜಾವಕ ನಂಬರು ಹನ್ನೊಂದರ ಆಜ್ಞೆಯನ್ನೂ, ಆರು ಮಗ್ಗಗಳ ಅಳತೆಯನ್ನೂ, ಹುಲೆಪ್ಪ ಮತ್ತು ಹೊಳಬಸಪ್ಪನ ಸಾಕ್ಷಿಯನ್ನೂ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿಸಿರಿ. ಜಕ್ಕಪ್ಪನ ಕೈಯಿಂದ ಚಹಾದ ತಟ್ಟೆ ತೆಗೆದುಕೊಂಡು, ಕುರ್ಚಿ ಕೊಟ್ಟು ಕೂಡ್ರಿಸಿ, ಆತನ ಮಾತು ಕೇಳಿರಿ. ಆಜ್ಞೆಯನ್ನು ಪಾಲಿಸೆಂದು ಹೇಳಿದ ನನ್ನನ್ನೂ ಕರೆಯಿಸಿ ಕೇಳಿರಿ. ನನ್ನ ಪಾಲಿನ ತಪ್ಪನ್ನು ನನ್ನ ಹೆಸರಿನಲ್ಲಿಯೇ ಬರೆದುಕೊಳ್ಳಿರಿ. ಬಳಿಕ ನಾಲ್ಕನೆಯ ಠರಾವನ್ನು ರದ್ದು ಮಾಡಿ, ಸೇವಾ ಪುಸ್ತಕದಲ್ಲಿ ಈ ಒಂದೇ ಸಾಲನ್ನು ಬರೆಯತಕ್ಕದ್ದು: “ಜೂನ್ 1923ರಿಂದ ಮೇ 1954ರವರೆಗೆ ಶಾಲೆಯ ಸುದ್ದಿಯನ್ನು ಮನೆಮನೆಗೆ ಮುಟ್ಟಿಸಿದ್ದಾನೆ.” ಬರೆದ ಮೇಲೆ ಅದನ್ನು ಆತನಿಗೆ ಓದಿ ಹೇಳತಕ್ಕದ್ದು. ಅದು ಆಗುವವರೆಗೆ ಮಂಡಳಿಯ ಪ್ರತಿಯೊಂದು ಸಭೆಗೂ ಈ ಕಾಗದಗಳೊಡನೆ ನಾನು ಬಂದು ಬಾಗಿಲಲ್ಲಿ ನಿಲ್ಲುತ್ತೇನೆ.

ವಾಸುದೇವ ಕೃಷ್ಣಾಜಿ ಹುನ್ನೂರ
ನಿವೃತ್ತ ಮುಖ್ಯೋಪಾಧ್ಯಾಯ, ಬನಹಟ್ಟಿ
ತಾ. 5 ಏಪ್ರಿಲ್ 1954